ಅತಿನೇರಳೆ ಬೆಳಕಿನಲ್ಲಿ ಮರದ ಚೇಗು

ಹಳದಿ ಛಾಯೆಯ ಕಂದು ಬಣ್ಣದ, ತೂಕವಾದ ಮರದ ತುಂಡೊಂದು ಕೈಗೆ ಬಂದಾಗ ಅದು ಬ್ಲ್ಯಾಕ್ ಲೋಕಸ್ಟ್ ಆಗಿರಬಹುದು, ಓಸೇಜ್ ಆರೆಂಜ್ ಆಗಿರಬಹುದು, ಹಿಪ್ಪುನೇರಳೆಯೂ ಆಗಿರಬಹುದು. ಮೂರರಲ್ಲಿಯೂ ಪ್ರತಿ ವರ್ಷದ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು ಕಾಣುತ್ತದೆ, ಮೂರರ ಚೇಗಿನಲ್ಲಿಯೂ, ಅಂದರೆ ಕಾಂಡದ ಒಳಭಾಗದ ಬಲಿತ ಮರದಲ್ಲಿಯೂ, ಆ ರಂಧ್ರಗಳೊಳಗೆ ಟೈಲೋಸಿಸ್ ಎಂಬ ತೆಳುವಾದ ಪೊರೆಗುಳ್ಳೆಗಳು ತುಂಬಿಕೊಂಡಿರುತ್ತವೆ, ಮತ್ತು ಮೂರೂ ಗಾಳಿ ಬೆಳಕಿಗೆ ಒಡ್ಡಿಕೊಂಡಂತೆ ಮೂಲದ ಹಳದಿಯನ್ನು ಕಳೆದುಕೊಂಡು ಒಂದೇ ಬಗೆಯ ಕಂದಿಗೆ ತಿರುಗುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಹಿಡಿದು ಅಡ್ಡಕೊಯ್ದ ಮುಖವನ್ನು ಎಷ್ಟು ಹೊತ್ತು ನೋಡಿದರೂ ಅನುಭವ ಕಡಿಮೆಯಿರುವವರಿಗೆ ಅನುಮಾನ ಉಳಿದೇ ಉಳಿಯುತ್ತದೆ. ಅಂತಹ ಹೊತ್ತಿನಲ್ಲಿ ದೀಪಗಳನ್ನು ಆರಿಸಿ, 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚನ್ನು ಹೊಸದಾಗಿ ಕೆತ್ತಿದ ಮುಖದ ಮೇಲೆ ಹಿಡಿದರೆ ಬ್ಲ್ಯಾಕ್ ಲೋಕಸ್ಟಿನ ಚೇಗು ಹಸಿರು ಬೆರೆತ ಹಳದಿಯಾಗಿ, ಅನುಮಾನಕ್ಕೆ ಎಡೆಯಿಲ್ಲದಷ್ಟು ಪ್ರಖರವಾಗಿ ಹೊಳೆಯುತ್ತದೆ. ಓಸೇಜ್ ಆರೆಂಜಿನ ವಿಷಯದಲ್ಲಿ ದೀಪಕ್ಕಿಂತ ಸರಳವಾದ ಇನ್ನೊಂದು ಸಾಕ್ಷ್ಯವೂ ಇದೆ: ಅದರ ಹೆರೆಯನ್ನು ನೀರಿನಲ್ಲಿ ಹಾಕಿದರೆ ಹಳದಿ ಬಣ್ಣ ನೀರಿಗೆ ಧಾರಾಳವಾಗಿ ಇಳಿಯುತ್ತದೆ.

ಮರಗೆಲಸ ಮಾಡುವವರ ನಡುವೆ ಈ ಪರೀಕ್ಷೆಗೆ ಈಚೆಗೆ ಒಳ್ಳೆಯ ಪ್ರಚಾರ ಸಿಕ್ಕಿದೆ, ಏಕೆಂದರೆ ಟಾರ್ಚುಗಳು ಅಗ್ಗವಾಗಿವೆ ಮತ್ತು ಫೋಟೊಗಳು ಬೆರಗು ಹುಟ್ಟಿಸುವಂತಿವೆ. ಪ್ರಚಾರದ ಜೊತೆಗೆ ಒಂದು ತಪ್ಪು ಕಲ್ಪನೆಯೂ ಹಬ್ಬಿದೆ: ಹೊಳಪಿನ ಬಣ್ಣವನ್ನು ನೋಡಿ ಪಟ್ಟಿಯೊಂದಕ್ಕೆ ಹೋಲಿಸಿದರೆ ಮರದ ಹೆಸರು ಸಿಕ್ಕಿಬಿಡುತ್ತದೆ ಎಂಬುದು. ನನ್ನ ತಿಳಿವಳಿಕೆಯಲ್ಲಿ ಅತಿನೇರಳೆ ದೀಪಕ್ಕೆ ಆ ಶಕ್ತಿಯಿಲ್ಲ. ಮರದ ರಚನೆ, ತೂಕ, ವಾಸನೆ, ಬಣ್ಣ ಇವುಗಳನ್ನು ನೋಡಿ ಸಾಧ್ಯತೆಗಳನ್ನು ಎರಡು ಮೂರಕ್ಕೆ ಇಳಿಸಿಕೊಂಡ ಮೇಲೆ ಅವುಗಳ ನಡುವೆ ತೀರ್ಮಾನಿಸಲು ಅದು ನೆರವಾಗುತ್ತದೆ. ಆ ಕೆಲಸದಲ್ಲಿ ಅದಕ್ಕೆ ಸಾಟಿಯಾಗುವ ಸುಲಭ ಸಾಧನ ಬೇರೊಂದಿಲ್ಲ. ಏಕೆ ಹೀಗೆ ಎಂಬುದನ್ನು ಅರಿಯಬೇಕಾದರೆ ಹೊಳೆಯುತ್ತಿರುವುದು ಏನೆಂಬುದನ್ನು ಮೊದಲು ನೋಡಬೇಕು.

ಕೆಲವು ಅಣುಗಳು ಅತಿನೇರಳೆ ಬೆಳಕನ್ನು ಹೀರಿಕೊಂಡು, ಅದರ ಶಕ್ತಿಯ ಸ್ವಲ್ಪ ಭಾಗವನ್ನು ಶಾಖವಾಗಿ ಕಳೆದುಕೊಂಡು, ಉಳಿದುದನ್ನು ಕಣ್ಣಿಗೆ ಕಾಣುವ ಬೆಳಕಾಗಿ ಹೊರಹಾಕುತ್ತವೆ. 365 ನ್ಯಾನೊಮೀಟರಿನ ಒಂದು ಫೋಟಾನಿನಲ್ಲಿ ಸುಮಾರು 3.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ; 520 ನ್ಯಾನೊಮೀಟರಿನ ಹಸಿರು ಫೋಟಾನಿನಲ್ಲಿ ಸುಮಾರು 2.4 ಮಾತ್ರ. ಆದ್ದರಿಂದ ಹೊರಬರುವ ಬೆಳಕಿನ ತರಂಗಾಂತರ ಒಳಹೋದ ಬೆಳಕಿನದಕ್ಕಿಂತ ಹೆಚ್ಚಾಗಿರುತ್ತದೆ, ಮತ್ತು ಈ ಇಡೀ ವ್ಯವಹಾರ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಮುಗಿಯುವುದರಿಂದ ದೀಪ ಆರಿಸಿದ ಕೂಡಲೇ ಹೊಳಪೂ ಆರುತ್ತದೆ. 1852ರಲ್ಲಿ ಭೌತವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಈ ನಿಯಮವನ್ನು ಸ್ಪಷ್ಟಪಡಿಸಿ ಇದಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟರು. ಕನ್ನಡದ ವಿಜ್ಞಾನ ಬರಹಗಳಲ್ಲಿ ಅದನ್ನು ಪ್ರತಿದೀಪ್ತಿ ಎನ್ನುತ್ತೇವೆ. ಸಿಂಕೋನ ತೊಗಟೆಯಿಂದ ಬರುವ ಕ್ವಿನೈನಿನ ದ್ರಾವಣವನ್ನು ಅವರು ಪಟ್ಟಕದಿಂದ ಚದುರಿಸಿದ ಬಿಸಿಲಿನ ಬಣ್ಣಗಳ ಮೂಲಕ ಒಂದೊಂದಾಗಿ ಸಾಗಿಸಿದಾಗ, ನೇರಳೆಯನ್ನೂ ದಾಟಿ ಕಣ್ಣಿಗೆ ಏನೂ ಕಾಣದ ಭಾಗಕ್ಕೆ ಬಂದ ಮೇಲೂ ಅದು ನೀಲಿಯಾಗಿ ಹೊಳೆಯುತ್ತಿತ್ತು. ಹಾರ್ಸ್ ಚೆಸ್ಟ್‌ನಟ್ ಮರದ ತೊಗಟೆಯ ಕಷಾಯವನ್ನೂ ಅವರು ಇದೇ ರೀತಿ ಪರೀಕ್ಷಿಸಿದರು. ಅದರಲ್ಲಿ ನೀಲಿ ಹೊಳಪನ್ನು ಕೊಡುವುದು ಎಸ್ಕುಲಿನ್ ಎಂಬ ಕುಮರಿನ್ ಜಾತಿಯ ಸಂಯುಕ್ತ. ಈ ವಿದ್ಯಮಾನ ಭೌತವಿಜ್ಞಾನಕ್ಕೆ ಪರಿಚಯವಾದದ್ದರಲ್ಲಿ ಮರಗಳ ಪಾಲು ಹೀಗೆ ದೊಡ್ಡದು.

ಮರದಲ್ಲಿ ಹೊಳೆಯಬಲ್ಲ ವಸ್ತುಗಳು ಎರಡು ಬಗೆ. ಮೊದಲನೆಯದು ಕೋಶಗಳ ಗೋಡೆಗೆ ಗಟ್ಟಿತನ ಕೊಡುವ ಲಿಗ್ನಿನ್. ಅದು ಎಲ್ಲ ಮರಗಳಲ್ಲಿಯೂ ಇರುತ್ತದೆ, ಮತ್ತು ಅತಿನೇರಳೆ ಬೆಳಕಿನಲ್ಲಿ ಮಂಕಾದ, ಬೂದು ಬೆರೆತ ನೀಲಿ ಹೊಳಪನ್ನು ಕೊಡುತ್ತದೆ. ಯಾವುದೇ ಬಿಳಿ ಮರವನ್ನು ದೀಪದ ಕೆಳಗಿಟ್ಟರೂ ಕಾಣುವ ಈ ಮಂಕು ನೀಲಿಗೆ ಗುರುತಿಸುವಿಕೆಯಲ್ಲಿ ಹೆಚ್ಚಿನ ಬೆಲೆಯಿಲ್ಲ. ಅದನ್ನು ಹಿನ್ನೆಲೆಯೆಂದು ತಿಳಿದು ಬಿಟ್ಟುಬಿಡುವುದೇ ಸರಿ. ನಮಗೆ ಬೇಕಾದದ್ದು ಎರಡನೆಯ ಬಗೆ, ಅಂದರೆ ಮರದ ಬಿಳಿಭಾಗ ಚೇಗಾಗಿ ಮಾರ್ಪಡುವಾಗ ಕೋಶಗಳೊಳಗೆ ಶೇಖರವಾಗುವ ಫ್ಲೇವನಾಯ್ಡ್, ಸ್ಟಿಲ್ಬೀನ್, ಕುಮರಿನ್, ಆಲ್ಕಲಾಯ್ಡ್ ಮುಂತಾದ ಸಂಯುಕ್ತಗಳು. ಇವು ಮರದ ಅಸ್ಥಿಪಂಜರದ ಭಾಗಗಳಲ್ಲ. ನೀರು ಅಥವಾ ಆಲ್ಕೊಹಾಲಿನಿಂದ ತೊಳೆದು ತೆಗೆಯಬಹುದಾದ ಸೇರ್ಪಡೆಗಳು. ಯಾವ ಕುಲದ ಮರ ಯಾವ ಸಂಯುಕ್ತವನ್ನು ಕೂಡಿಡುತ್ತದೆ ಎಂಬುದರಲ್ಲಿ ಭೇದವಿರುವುದರಿಂದಲೇ ಈ ಪರೀಕ್ಷೆಗೆ ಅರ್ಥ ಬರುತ್ತದೆ. ಬ್ಲ್ಯಾಕ್ ಲೋಕಸ್ಟಿನ ಚೇಗಿನಲ್ಲಿ ಡೈಹೈಡ್ರೊರೊಬಿನೆಟಿನ್ ಮತ್ತು ರೊಬಿನೆಟಿನ್ ಎಂಬ ಫ್ಲೇವನಾಯ್ಡುಗಳು ಹೇರಳವಾಗಿವೆ. ಮಣ್ಣಿನಲ್ಲಿ ಹೂತ ಬೇಲಿಗಂಬ ಶಿಲೀಂಧ್ರಕ್ಕೆ ಸುಲಭವಾಗಿ ಬಲಿಯಾಗದೆ ದಶಕಗಳ ಕಾಲ ಉಳಿಯುವಂತೆ ಮಾಡುವುದರಲ್ಲಿ ಇದೇ ಸಂಯುಕ್ತಗಳ ಪಾತ್ರವಿದೆ. ಹಾಗೆಂದು ಬಾಳಿಕೆ ಬರುವ ಮರವೆಲ್ಲ ಹೊಳೆಯುತ್ತದೆಂದೋ, ಹೊಳೆಯುವ ಮರವೆಲ್ಲ ಬಾಳುತ್ತದೆಂದೋ ತಿಳಿಯಬಾರದು.

ಈ ಸಂಯುಕ್ತಗಳು ಚೇಗಿನಲ್ಲಿ ಶೇಖರವಾಗುತ್ತವೆ ಎಂಬುದರಿಂದ ಪ್ರಾಯೋಗಿಕವಾದ ಒಂದು ಎಚ್ಚರ ಹುಟ್ಟುತ್ತದೆ. ತುಂಡಿನಲ್ಲಿ ಇರುವುದು ಬರೀ ಹೊರಗಿನ ಬಿಳಿಮರವಾದರೆ ಪರೀಕ್ಷೆ ನಡೆಸಿ ಪ್ರಯೋಜನವಿಲ್ಲ. ಚೇಗು ಮತ್ತು ಬಿಳಿಮರ ಎರಡೂ ಇರುವ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಏಕೆಂದರೆ ಎರಡರ ನಡುವಣ ಗೆರೆ ದೀಪದ ಕೆಳಗೆ ಚೂಪಾಗಿ ಕಾಣುತ್ತದೆ ಮತ್ತು ಹಿನ್ನೆಲೆಯ ಲಿಗ್ನಿನ್ ಹೊಳಪು ಎಷ್ಟು, ಚೇಗಿನದೇ ಆದ ಹೊಳಪು ಎಷ್ಟು ಎಂಬುದನ್ನು ಅದೇ ತುಂಡಿನ ಮೇಲೆ ಹೋಲಿಸಿ ನೋಡಬಹುದು.

ಸಂಯುಕ್ತವೇ ಹೊಳೆಯುವುದು, ಜಾತಿಯಲ್ಲ ಎಂಬುದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಬರ್ಬೆರಿನ್ ಒಳ್ಳೆಯ ಉದಾಹರಣೆ. ದಾರುಹರಿದ್ರೆಯೆಂದು ಹೆಸರಾದ ಬರ್ಬೆರಿಸ್ ಕುಲದ ಪೊದೆಗಳ ಕಾಂಡ ಹಳದಿಯಾಗಿರಲು ಈ ಆಲ್ಕಲಾಯ್ಡೇ ಕಾರಣ, ಮತ್ತು ಅತಿನೇರಳೆ ಬೆಳಕಿನಲ್ಲಿ ಆ ಕಾಂಡ ಚೆನ್ನಾಗಿ ಹಳದಿಯಾಗಿ ಹೊಳೆಯುತ್ತದೆ. ಆದರೆ ನಾವು ಮರದರಿಶಿನ ಎಂದು ಕರೆಯುವ ಕಾಸಿನಿಯಂ ಬಳ್ಳಿಯ ಕಾಂಡದಲ್ಲಿಯೂ ಬರ್ಬೆರಿನ್ ತುಂಬಿದೆ. ಒಂದು ಪೊದೆ, ಇನ್ನೊಂದು ಮರಗಳ ಮೇಲೆ ಹಬ್ಬುವ ಬಳ್ಳಿ, ಕುಟುಂಬಗಳೂ ಬೇರೆ. ದೀಪ ಎರಡರಲ್ಲಿಯೂ ಒಂದೇ ಸಂಯುಕ್ತವನ್ನು ಕಾಣುತ್ತದೆ, ಆದ್ದರಿಂದ ಇವೆರಡನ್ನು ಬೇರ್ಪಡಿಸಬೇಕಾದರೆ ಮತ್ತೆ ಅಡ್ಡಕೊಯ್ದ ಮುಖದ ರಚನೆಗೇ ಹೋಗಬೇಕು. ಬರ್ಬೆರಿನ್ ಬಗ್ಗೆ ಇನ್ನೊಂದು ಸ್ವಾರಸ್ಯವನ್ನು ಇಲ್ಲಿ ಹೇಳದಿರಲಾರೆ. ಬರೀ ನೀರಿನಲ್ಲಿ ಕರಗಿದ್ದಾಗ ಅದರ ಹೊಳಪು ತೀರಾ ಕ್ಷೀಣ. ಲಿಗ್ನಿನ್ನಿನಂತಹ ವಸ್ತುವಿಗೆ ಅಂಟಿಕೊಂಡಾಗ ಮಾತ್ರ ಅದು ಪ್ರಖರವಾಗುತ್ತದೆ. ಸಸ್ಯವಿಜ್ಞಾನಿಗಳು ಬೇರಿನ ತೆಳುಕೊಯ್ತಗಳಲ್ಲಿ ಲಿಗ್ನಿನ್ ಮತ್ತು ನೀರನ್ನು ತಡೆಯುವ ಸುಬೆರಿನ್ ಎಂಬ ವಸ್ತು ಇರುವ ಗೋಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎತ್ತಿ ತೋರಿಸಲು ಇದೇ ಬರ್ಬೆರಿನ್ನನ್ನು ಬಣ್ಣವಾಗಿ ಬಳಸುತ್ತಾರೆ. ಅಂದರೆ ಒಣ ಮರದ ಹೊಳಪನ್ನೂ ಅದರ ಕಷಾಯದ ಹೊಳಪನ್ನೂ ಒಂದೇ ಎಂದು ಭಾವಿಸುವಂತಿಲ್ಲ. ಅವು ಎರಡು ಬೇರೆ ಪರೀಕ್ಷೆಗಳು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಇನ್ನೂ ಹಳೆಯದು. ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್ 1565ರಲ್ಲಿ, ಮೆಕ್ಸಿಕೊದಿಂದ ಮೂತ್ರಪಿಂಡದ ಕಾಯಿಲೆಗಳಿಗೆ ಔಷಧಿಯೆಂದು ಬರುತ್ತಿದ್ದ ಮರವೊಂದರ ಚೂರುಗಳನ್ನು ನೀರಿನಲ್ಲಿ ನೆನೆಸಿದಾಗ ಆ ನೀರು ನೀಲಿಯಾಗುವುದನ್ನು ದಾಖಲಿಸಿದರು. ಔಷಧಿ ಅಸಲಿಯೋ ನಕಲಿಯೋ ಎಂದು ತಿಳಿಯಲು ಈ ನೀಲಿಯನ್ನೇ ಗುರುತಾಗಿ ಬಳಸುತ್ತಿದ್ದರಂತೆ. ಹಾಗಾಗಿ ಪ್ರತಿದೀಪ್ತಿಯಿಂದ ಮರವನ್ನು ಗುರುತಿಸುವ ಪದ್ಧತಿ, ಪ್ರತಿದೀಪ್ತಿ ಎಂದರೇನು ಎಂಬುದು ತಿಳಿಯುವುದಕ್ಕೆ ಸುಮಾರು ಮೂರು ಶತಮಾನಗಳ ಮೊದಲೇ ಇತ್ತು ಎನ್ನಬೇಕು. 1646ರಲ್ಲಿ ಜೆಸ್ಯೂಟ್ ವಿದ್ವಾಂಸ ಅಥನೇಸಿಯಸ್ ಕಿರ್ಚರ್ ಈ ನೀರಿನ ವರ್ಣವೈಚಿತ್ರ್ಯದ ಬಗ್ಗೆ ಬರೆದರು. 1664ರಲ್ಲಿ ರಸಾಯನವಿಜ್ಞಾನಿ ರಾಬರ್ಟ್ ಬಾಯ್ಲ್ ಹೆಚ್ಚು ಶಿಸ್ತಿನಿಂದ ಪರಿಶೀಲಿಸಿ, ಬೆಳಕಿಗೆ ಅಡ್ಡ ಹಿಡಿದು ನೋಡಿದಾಗ ನೀರು ಹೊಂಬಣ್ಣವಾಗಿಯೂ, ಬೆಳಕು ಬೀಳುವ ಕಡೆಯಿಂದ ನೋಡಿದಾಗ ನೀಲಿಯಾಗಿಯೂ ಕಾಣುತ್ತದೆಂದು ತಿಳಿಸಿದರು. ಆಮ್ಲವನ್ನು ಸೇರಿಸಿದರೆ ನೀಲಿ ಮಾಯವಾಗಿ, ಕ್ಷಾರವನ್ನು ಸೇರಿಸಿದರೆ ಮರಳಿ ಬರುತ್ತದೆ ಎಂಬುದನ್ನೂ ಅವರೇ ಕಂಡುಕೊಂಡರು. ಆ ಔಷಧಿಯ ಹೆಸರಿನಲ್ಲಿ ಯೂರೋಪಿಗೆ ಬಂದದ್ದು ಒಂದೇ ಮರವಲ್ಲ, ಎರಡು ಎಂಬುದನ್ನು ಸಸ್ಯವಿಜ್ಞಾನಿ ವಿಲಿಯಂ ಸ್ಯಾಫರ್ಡ್ 1915ರಲ್ಲಿ ಬಿಡಿಸಿ ಹೇಳಿದರು: ಒಂದು ಮೆಕ್ಸಿಕೊದ ಐಸೆನ್‌ಹಾರ್ಟಿಯ ಪಾಲಿಸ್ಟಾಕಿಯ, ಇನ್ನೊಂದು ಫಿಲಿಪ್ಪೀನ್ಸ್‌ನ ಟೆರೋಕಾರ್ಪಸ್ ಇಂಡಿಕಸ್. ಎರಡು ಬೇರೆ ಮರಗಳು ನೀರಿಗೆ ಒಂದೇ ನೀಲಿಯನ್ನು ಕೊಟ್ಟು ಇಷ್ಟು ಕಾಲ ಜನರನ್ನು ಗೊಂದಲದಲ್ಲಿಟ್ಟವು ಎಂಬುದನ್ನು, ಹೊಳಪಿನ ಪಟ್ಟಿಗಳನ್ನು ಪೂರಾ ನಂಬುವವರು ಗಮನಿಸಬೇಕು.

ಆ ನೀಲಿಯ ರಸಾಯನ ಬಿಡಿಸಿಕೊಂಡದ್ದು ಮಾತ್ರ 2009ರಲ್ಲಿ. ಮೆಕ್ಸಿಕೊದ ಮರದ ಚೂರಿನಲ್ಲಿ ಹೊಳೆಯುವ ವಸ್ತು ಸಿದ್ಧವಾಗಿ ಕುಳಿತಿರುವುದೇ ಇಲ್ಲ. ಅದರಲ್ಲಿರುವ ಕೋಟ್ಲಿನ್-ಬಿ ಎಂಬ ಫ್ಲೇವನಾಯ್ಡ್ ತುಸು ಕ್ಷಾರೀಯವಾದ ನೀರಿಗೆ ಇಳಿದಾಗ ಗಾಳಿಯ ಆಮ್ಲಜನಕದೊಡನೆ ತಾನಾಗಿ ವರ್ತಿಸಿ ಮ್ಯಾಟ್ಲಲಿನ್ ಎಂಬ ಹೊಸ ಸಂಯುಕ್ತವಾಗುತ್ತದೆ, ಮತ್ತು ಹೀರಿಕೊಂಡ ಬೆಳಕಿನ ಬಹುಪಾಲನ್ನು ಹೊಳಪಾಗಿ ಹಿಂತಿರುಗಿಸುವುದು ಆ ಹೊಸ ಸಂಯುಕ್ತ. ನೀರು ಮುಟ್ಟುವವರೆಗೂ ಮರದಲ್ಲಿ ಇಲ್ಲದ ವಸ್ತುವನ್ನು ಒಣ ತುಂಡಿನ ಮೇಲೆ ದೀಪ ಹಿಡಿದು ಹುಡುಕಿದರೆ ಸಿಗುವುದಾದರೂ ಹೇಗೆ? ಟೆರೋಕಾರ್ಪಸ್ ಕುಲದ ಹಲವು ಮರಗಳಲ್ಲಿ, ನಮ್ಮ ಹೊನ್ನೆಯೂ ಸೇರಿದಂತೆ, ಕಷಾಯದ ನೀಲಿ ಹೊಳಪು ಬಲವಾದ ಸುಳಿವು. ಒಣ ಮುಖದ ಹೊಳಪನ್ನಷ್ಟೇ ನೋಡಿ ಬಿಟ್ಟವರು ಇದನ್ನು ಕಳೆದುಕೊಳ್ಳುತ್ತಾರೆ.

ಅಂತಾರಾಷ್ಟ್ರೀಯ ಮರರಚನಾ ತಜ್ಞರ ಸಂಘ 1989ರಲ್ಲಿ ಪ್ರಕಟಿಸಿದ ಅಗಲೆಲೆ ಮರಗಳ ಲಕ್ಷಣಪಟ್ಟಿ ಈ ಭೇದವನ್ನು ಸರಿಯಾಗಿಯೇ ಗುರುತಿಸಿದೆ. ಆ ಪಟ್ಟಿಯಲ್ಲಿ ರಚನೆಗೆ ಸಂಬಂಧಿಸಿದ 163 ಲಕ್ಷಣಗಳಾದ ಮೇಲೆ ಇತರ ಲಕ್ಷಣಗಳು ಬರುತ್ತವೆ. ಅವುಗಳಲ್ಲಿ ಚೇಗಿನ ಮುಖ ಹೊಳೆಯುತ್ತದೆಯೇ, ನೀರಿನ ಕಷಾಯ ಹೊಳೆಯುತ್ತದೆಯೇ, ಆಲ್ಕೊಹಾಲಿನ ಕಷಾಯ ಹೊಳೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಸಂಖ್ಯೆಗಳನ್ನು ಕೊಡಲಾಗಿದೆ. ಇನ್‌ಸೈಡ್‌ವುಡ್ ಎಂಬ ಮಾಹಿತಿಕೋಶದಲ್ಲಿ ಹುಡುಕುವಾಗ ಈ ಸಂಖ್ಯೆಗಳನ್ನೇ ಬಳಸಬಹುದು.

ಕಷಾಯದ ಪರೀಕ್ಷೆಗೆ ಬೇಕಾದುದು ಹೆಚ್ಚೇನಿಲ್ಲ. ಚೇಗಿನಿಂದ ಹರಿತವಾದ ಉಳಿಯಲ್ಲಿ ತೆಳುವಾದ ಹೆರೆಗಳನ್ನು ತೆಗೆದು, ಸಣ್ಣ ಗಾಜಿನ ಶೀಷೆಯ ತಳ ಮುಚ್ಚುವಷ್ಟು ಹಾಕಿ, ಅದು ಮುಳುಗಿ ಮೇಲೆ ಇನ್ನಷ್ಟು ನಿಲ್ಲುವಂತೆ ಬಟ್ಟಿಯಿಳಿಸಿದ ನೀರನ್ನು ಹೊಯ್ಯಬೇಕು. ನೀರಿನ ಪಿಎಚ್ ಏಳರ ಆಸುಪಾಸಿನಲ್ಲಿ ಸ್ಥಿರವಾಗಿರಬೇಕೆಂದು ಪಟ್ಟಿ ಹೇಳುವುದಕ್ಕೆ ಕಾರಣ ಬಾಯ್ಲ್ ಕಂಡ ಆಮ್ಲ ಮತ್ತು ಕ್ಷಾರದ ಆಟವೇ: ತುಸು ಹುಳಿಯಾದ ನೀರು ಇರುವ ಹೊಳಪನ್ನು ಅಡಗಿಸಬಲ್ಲದು. ಶೀಷೆಯನ್ನು ಚೆನ್ನಾಗಿ ಕುಲುಕಿ ಒಂದೆರಡು ನಿಮಿಷ ಬಿಟ್ಟು ದೀಪಕ್ಕೆ ಹಿಡಿಯಬೇಕು. ಕುಲುಕಿದಾಗ ಮೇಲೆ ನೊರೆ ನಿಲ್ಲುತ್ತದೆಯೇ ಎಂಬುದನ್ನೂ ಆಗಲೇ ಬರೆದಿಟ್ಟುಕೊಳ್ಳಬಹುದು, ಏಕೆಂದರೆ ಸ್ಯಾಪೊನಿನ್ ಇರುವಿಕೆಯನ್ನು ಸೂಚಿಸುವ ಆ ನೊರೆಯೂ ಅದೇ ಪಟ್ಟಿಯ ಇನ್ನೊಂದು ಲಕ್ಷಣ. ಇನ್ನೊಂದು ಶೀಷೆಯಲ್ಲಿ ನೀರಿನ ಬದಲು ಶೇಕಡ 95ರ ಎಥನಾಲ್ ಹಾಕಿ ಅದನ್ನೇ ಮಾಡಬೇಕು. ಪಕ್ಕದಲ್ಲಿ ಹೆರೆ ಹಾಕದ ನೀರಿನ ಶೀಷೆಯೊಂದನ್ನು ಇಡುವುದು ಅಗತ್ಯ. ತೊಳೆಯಲು ಬಳಸಿದ ಸಾಬೂನಿನ ಉಳಿಕೆ ನೀಲಿಯಾಗಿ ಹೊಳೆದು ಮರದ ಹೆಸರಿಗೆ ಜಮೆಯಾಗುವ ಸಾಧ್ಯತೆ ಯಾವಾಗಲೂ ಇದೆ.

ದೀಪದ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಅತ್ಯಂತ ಅಗ್ಗವಾಗಿ ಸಿಗುವ ಟಾರ್ಚುಗಳ ಬೆಳಕು 395 ನ್ಯಾನೊಮೀಟರಿನ ಸುತ್ತ ಇರುತ್ತದೆ, ಮತ್ತು ಅದರಲ್ಲಿ ಕಣ್ಣಿಗೆ ಕಾಣುವ ನೇರಳೆ ಧಾರಾಳವಾಗಿ ಬೆರೆತಿರುತ್ತದೆ. ಅಂತಹ ಬೆಳಕು ಬಿದ್ದ ಮರವೆಲ್ಲ ನೇರಳೆಯಾಗಿ ಕಾಣುತ್ತದೆ. ಅದು ಪ್ರತಿಫಲನವೇ ಹೊರತು ಪ್ರತಿದೀಪ್ತಿಯಲ್ಲ. ಬ್ಲ್ಯಾಕ್ ಲೋಕಸ್ಟಿನಂತಹ ಪ್ರಖರ ಹೊಳಪು ಆ ನೇರಳೆಯನ್ನು ಮೀರಿ ಕಾಣಬಹುದು, ಆದರೆ ಮಂಕಾದ ನೀಲಿಯನ್ನೂ ಕಂದು ಬೆರೆತ ಕಿತ್ತಳೆಯನ್ನೂ ಅದು ಸಂಪೂರ್ಣವಾಗಿ ನುಂಗಿಹಾಕುತ್ತದೆ. 365 ನ್ಯಾನೊಮೀಟರಿನ, ಮುಂದೆ ಕಪ್ಪು ಶೋಧಕ ಗಾಜು ಇರುವ ಟಾರ್ಚನ್ನೇ ಕೊಳ್ಳಬೇಕು. ಎಲ್‌ಇಡಿ ತನ್ನ ಮುಖ್ಯ ತರಂಗಾಂತರದ ಜೊತೆಗೆ ಸೋರಿಸುವ ಕಾಣುವ ಬೆಳಕನ್ನು ಆ ಗಾಜು ತಡೆಯುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ 1903ರಲ್ಲಿ ನಿಕ್ಕಲ್ ಆಕ್ಸೈಡ್ ಬೆರೆಸಿ ತಯಾರಿಸಿದ ಕಪ್ಪು ಗಾಜು ಮಾಡುತ್ತಿದ್ದ ಕೆಲಸವೂ ಇದೇ. ಖನಿಜಗಳ ಸಂಗ್ರಾಹಕರು ಬಳಸುವ 254 ನ್ಯಾನೊಮೀಟರಿನ ದೀಪ ಮರಕ್ಕೆ ಬೇಕಾಗಿಲ್ಲ; ಲಕ್ಷಣಪಟ್ಟಿಗಳಲ್ಲಿ ದಾಖಲಾದ ಹೊಳಪುಗಳು ದೀರ್ಘ ತರಂಗದ ದೀಪದಲ್ಲಿ ಕಂಡವು. ಅದೂ ಅಲ್ಲದೆ ಆ ಹ್ರಸ್ವ ತರಂಗ ಕಣ್ಣಿನ ಕಾರ್ನಿಯವನ್ನೂ ಚರ್ಮವನ್ನೂ ಬೇಗನೆ ಸುಡುತ್ತದೆ. 365ರ ದೀಪವೂ ನಿರಪಾಯಕಾರಿಯೇನಲ್ಲ. ಅತಿನೇರಳೆಯನ್ನು ತಡೆಯುವ ಪಾರದರ್ಶಕ ಕನ್ನಡಕವನ್ನು ಹಾಕಿಕೊಂಡರೆ ಕಣ್ಣಿಗೆ ರಕ್ಷಣೆ ಸಿಗುವುದರ ಜೊತೆಗೆ ನೋಟವೂ ಸ್ಪಷ್ಟವಾಗುತ್ತದೆ: ಕಣ್ಣಿನ ಮಸೂರವೇ ಈ ಬೆಳಕಿನಲ್ಲಿ ಸ್ವಲ್ಪ ಹೊಳೆಯುವುದರಿಂದ, ಕನ್ನಡಕವಿಲ್ಲದಿದ್ದರೆ ದೃಶ್ಯದ ಮೇಲೆ ಮಂಜು ಕವಿದಂತಾಗುತ್ತದೆ.

ಕೋಣೆ ನಿಜವಾಗಿಯೂ ಕತ್ತಲಾಗಿರಬೇಕು, ಮತ್ತು ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಕಾಯಬೇಕು.

ಮರದ ಮುಖವನ್ನು ಸಿದ್ಧಪಡಿಸುವುದರಲ್ಲಿ ಮಾಡುವ ಅಲಕ್ಷ್ಯ ದೀಪದ ದೋಷಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಬಿಸಿಲಿಗೆ ಒಡ್ಡಿದ ಮರದ ಮೇಲ್ಪದರದಲ್ಲಿ ಈ ಸಂಯುಕ್ತಗಳು ಒಡೆದುಹೋಗಿರುತ್ತವೆ. ಮಳೆಗೆ ಸಿಕ್ಕಿದ್ದರೆ ತೊಳೆದುಹೋಗಿರುತ್ತವೆ. ಆದ್ದರಿಂದ ಹಳೆಯ ತುಂಡಿನ ಮೇಲೆ ಹಾಗೆಯೇ ದೀಪ ಹಿಡಿದು ಹೊಳಪಿಲ್ಲವೆಂದು ತೀರ್ಮಾನಿಸುವುದು ಪರೀಕ್ಷೆಯೇ ಅಲ್ಲ. ಹರಿತವಾದ ಉಳಿಯಿಂದಲೋ ಕೀಸುಳಿಯಿಂದಲೋ ಹೊಸ ಮುಖವನ್ನು ತೆರೆಯಬೇಕು. ಮರಳುಕಾಗದದಿಂದ ಉಜ್ಜುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದಕ್ಕೆ ಮೊದಲು ಉಜ್ಜಿದ ಬೇರೆ ಮರದ ಹುಡಿ ಅದರಲ್ಲಿ ಉಳಿದಿದ್ದು ಹೊಸ ತುಂಡಿನ ರಂಧ್ರಗಳೊಳಗೆ ಸೇರುತ್ತದೆ, ಮತ್ತು ಪ್ರಖರವಾಗಿ ಹೊಳೆಯುವ ಮರದ ಹುಡಿ ಎಷ್ಟು ಕಡಿಮೆಯಿದ್ದರೂ ದೀಪದ ಕೆಳಗೆ ಚುಕ್ಕೆಚುಕ್ಕೆಯಾಗಿ ಎದ್ದು ಕಾಣುತ್ತದೆ. ಬಟ್ಟೆಯಿಂದ ಬಿದ್ದ ಎಳೆಗಳು ಉಜ್ವಲವಾದ ನೀಲಿಬಿಳುಪಿನಲ್ಲಿ ಹೊಳೆಯುವುದು ಬಟ್ಟೆ ತೊಳೆಯುವ ಪುಡಿಯಲ್ಲಿರುವ ಬೆಳ್ಪುಕಾರಕಗಳಿಂದ. ಕಾಗದದ ಚೂರುಗಳೂ ಹಾಗೆಯೇ.

ಸಿದ್ಧಪಡಿಸಿದ ಪೀಠೋಪಕರಣವನ್ನು ಪರೀಕ್ಷಿಸುವುದು ಇದಕ್ಕಿಂತ ಕಷ್ಟದ ಕೆಲಸ. ಅರಗಿನ ಪಾಲಿಶ್ ಕಿತ್ತಳೆಯಾಗಿ ಹೊಳೆಯುತ್ತದೆ, ಮರದ ರಾಳಗಳಿಂದ ಮಾಡಿದ ಹಳೆಯ ವಾರ್ನಿಷ್ ಹಸಿರುಹಳದಿಯಾಗಿ ಹೊಳೆಯುತ್ತದೆ, ಚರ್ಮದಿಂದ ಮಾಡಿದ ಅಂಟು ನೀಲಿಬಿಳುಪಾಗಿ ಕಾಣುತ್ತದೆ. ಹಳೆಯ ಕಲಾವಸ್ತುಗಳನ್ನು ಸಂರಕ್ಷಿಸುವವರಿಗೆ ಈ ಬಣ್ಣಗಳೇ ಮುಖ್ಯ. ಎಲ್ಲಿ ಮೂಲದ ಲೇಪ ಉಳಿದಿದೆ, ಎಲ್ಲಿ ಆಮೇಲೆ ತೇಪೆ ಹಾಕಲಾಗಿದೆ ಎಂಬುದನ್ನು ಅವರು ಇವುಗಳಿಂದಲೇ ಓದುತ್ತಾರೆ. ಮರದ ಜಾತಿಯನ್ನು ಅರಿಯಬೇಕಾದವರಿಗೆ ಇವೆಲ್ಲ ಅಡ್ಡಿ. ವಾರ್ನಿಷ್ ಬಳಿದ ಮುಖ ಹಳದಿಯಾಗಿ ಹೊಳೆದದ್ದನ್ನು ನೋಡಿ ಅದನ್ನು ಬ್ಲ್ಯಾಕ್ ಲೋಕಸ್ಟ್ ಎಂದು ಕರೆಯುವ ಅಪಾಯ ಕಲ್ಪಿತವಲ್ಲ. ಲೇಪ ತಲುಪದ ಒಳಬದಿಯಲ್ಲಿ, ಅಂದರೆ ಖಾನೆಯ ತಳದಲ್ಲೋ ಬೆಸುಗೆಯ ಮರೆಯಲ್ಲೋ, ಒಂದು ಸಣ್ಣ ಹೆರೆಯನ್ನು ತೆಗೆಯಲು ಅನುಮತಿ ಇಲ್ಲದಿದ್ದರೆ ದೀಪದ ಸಾಕ್ಷ್ಯವನ್ನು ಬದಿಗಿಡುವುದೇ ಪ್ರಾಮಾಣಿಕತೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಉಳಿಯುವ ಪ್ರಶ್ನೆ, ಕಂಡದ್ದನ್ನು ಹೇಗೆ ಓದಬೇಕು ಎಂಬುದು. ಬೆಲ್ಜಿಯಮ್ಮಿನ ಟೆರ್ವ್ಯೂರೆನ್ ಸಂಗ್ರಹದಲ್ಲಿರುವ 10,610 ಜಾತಿಗಳ ಮರವನ್ನು ಅತಿನೇರಳೆ ಬೆಳಕಿನಲ್ಲಿ ಪರೀಕ್ಷಿಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಇಷ್ಟು ವಿಸ್ತಾರವಾದ ಕೆಲಸ ಹಿಂದೆ ಇದೆ ಎಂಬುದು ಧೈರ್ಯ ಕೊಡುವ ಸಂಗತಿಯಾದರೂ, ಜಾತಿಗಳ ಸಂಖ್ಯೆ ಸಾವಿರಗಳಲ್ಲಿದ್ದು ಹೊಳಪಿನ ಬಣ್ಣಗಳು ಮಾತ್ರ ಹಳದಿ, ಹಸಿರು, ನೀಲಿ, ಕಿತ್ತಳೆಗಳ ಒಂದು ಹಿಡಿಯಷ್ಟೇ ಇರುವಾಗ, ಒಂದೊಂದು ಬಣ್ಣದ ಕೆಳಗೂ ಹಲವಾರು ಹೆಸರುಗಳು ಬಂದು ಕೂರುವುದು ಅನಿವಾರ್ಯ ಎಂಬುದನ್ನೂ ಅದು ನೆನಪಿಸುತ್ತದೆ. ಹಳದಿ ಹೊಳಪಿನ ಮರಗಳು ದ್ವಿದಳ ಧಾನ್ಯದ ಕುಟುಂಬದಲ್ಲಿಯೂ ಇವೆ, ಮಾವಿನ ಕುಟುಂಬದಲ್ಲಿಯೂ ಇವೆ. ಮಾವಿನ ಕುಟುಂಬಕ್ಕೆ ಸೇರಿದ ಸ್ಟ್ಯಾಗ್‌ಹಾರ್ನ್ ಸುಮ್ಯಾಕ್ ಎಂಬ ಸಣ್ಣ ಮರದ ಚೇಗು ಬ್ಲ್ಯಾಕ್ ಲೋಕಸ್ಟಿಗೆ ಪೈಪೋಟಿ ಕೊಡುವಷ್ಟು ಪ್ರಖರವಾಗಿ ಹಸಿರುಹಳದಿಯಲ್ಲಿ ಹೊಳೆಯುತ್ತದೆ. ಕತ್ತಲಲ್ಲಿ ದೀಪದ ಬಣ್ಣವನ್ನಷ್ಟೇ ನೋಡುವವರಿಗೆ ಇವೆರಡೂ ಒಂದೇ. ಬೆಳಕು ಹಾಕಿ ಕೈಯಲ್ಲಿ ಹಿಡಿದವರಿಗೆ ಸುಮ್ಯಾಕ್ ಹಗುರ ಮತ್ತು ಮೆದು, ಲೋಕಸ್ಟ್ ಭಾರ ಮತ್ತು ಗಟ್ಟಿ ಎಂಬುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ.

ಹೊಳಪು ಕಂಡರೆ ಅದು ಬಲವಾದ ಸಾಕ್ಷ್ಯ, ಕಾಣದಿದ್ದರೆ ದುರ್ಬಲ ಸಾಕ್ಷ್ಯ ಎಂಬ ಅಸಮಾನತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಚೇಗಿನ ಸಂಯುಕ್ತಗಳ ಪ್ರಮಾಣ ಒಂದೇ ಮರದ ಒಳಗೂ ಹೊರಗೂ, ಬುಡದಲ್ಲೂ ತುದಿಯಲ್ಲೂ, ಎಳೆಯ ಮರದಲ್ಲೂ ಹಳೆಯ ಮರದಲ್ಲೂ ಬೇರೆಯಾಗಿರುತ್ತದೆ. ಕಡುಬಣ್ಣದ ಮರಗಳಲ್ಲಿ ಹೊಳೆಯುವ ಸಂಯುಕ್ತದ ಜೊತೆಗಿರುವ ವರ್ಣದ್ರವ್ಯ ಒಳಬರುವ ಅತಿನೇರಳೆಯನ್ನೂ ಹೊರಹೋಗುವ ಹೊಳಪನ್ನೂ ಹೀರಿಬಿಡಬಹುದು. ಸಂಯುಕ್ತ ತೀರಾ ದಟ್ಟವಾಗಿದ್ದರೂ ಅದರ ಅಣುಗಳು ಒಂದರ ಹೊಳಪನ್ನೊಂದು ಅಡಗಿಸುತ್ತವೆ. ಅಂತಹ ಮರಗಳಲ್ಲಿ ಒಣ ಮುಖ ಮೌನವಾಗಿದ್ದರೂ ತೆಳುವಾದ ಕಷಾಯ ಹೊಳೆಯುವುದುಂಟು. ಒಂದೇ ತುಂಡು ಹೊಳೆಯಲಿಲ್ಲವೆಂದು ಆ ಜಾತಿಯನ್ನೇ ಪಟ್ಟಿಯಿಂದ ಹೊಡೆದುಹಾಕುವುದು ಆತುರದ ಕೆಲಸ.

ಬಣ್ಣಗಳನ್ನು ಮಾತಿನಲ್ಲಿ ಹೇಳುವುದರ ಬಗ್ಗೆಯೂ ನನಗೆ ತಕರಾರಿದೆ. ಒಬ್ಬರ ಹಸಿರುಹಳದಿ ಇನ್ನೊಬ್ಬರಿಗೆ ನಿಂಬೆಹಳದಿ. ಮಂದ ಬೆಳಕಿನಲ್ಲಿ ಕಣ್ಣು ಬಣ್ಣಗಳ ತಾರತಮ್ಯವನ್ನು ಮಾಡುವುದರಲ್ಲಿ ಹಗಲಿನಷ್ಟು ಸಮರ್ಥವೂ ಅಲ್ಲ. ಫೋಟೊಗಳು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತವೆ, ಏಕೆಂದರೆ ಫೋನಿನ ಕ್ಯಾಮೆರಾ ಕತ್ತಲನ್ನು ಕಂಡ ಕೂಡಲೇ ಬೆಳಕನ್ನು ಹೆಚ್ಚಿಸಿ, ಬಿಳಿಯ ಸಮತೋಲನವನ್ನು ತನ್ನಿಷ್ಟದಂತೆ ಬದಲಿಸಿ, ಮಂಕಾದ ಲಿಗ್ನಿನ್ ನೀಲಿಯನ್ನು ಉಜ್ವಲ ನೀಲಿಯನ್ನಾಗಿ ಮಾಡಿಬಿಡುತ್ತದೆ. ಪಟ್ಟಿಗೂ ಫೋಟೊಗೂ ಬದಲಾಗಿ ನಾನು ನಂಬುವುದು ಹೆಸರು ಖಚಿತವಾಗಿ ತಿಳಿದಿರುವ ತುಂಡುಗಳನ್ನು. ಅನುಮಾನದ ತುಂಡನ್ನು ನಡುವೆ ಇಟ್ಟು, ಸಾಧ್ಯತೆಯಿರುವ ಎರಡು ಮರಗಳ ಪರಿಚಿತ ತುಂಡುಗಳನ್ನು ಎಡಬಲಕ್ಕಿಟ್ಟು, ಮೂರನ್ನೂ ಅದೇ ಹೊತ್ತಿನಲ್ಲಿ ಅದೇ ಉಳಿಯಿಂದ ಕೆತ್ತಿ, ಒಂದೇ ದೀಪದ ಒಂದೇ ದೂರದಲ್ಲಿ ನೋಡಿದರೆ ಬಣ್ಣಕ್ಕೆ ಹೆಸರು ಕೊಡುವ ಅಗತ್ಯವೇ ಬೀಳುವುದಿಲ್ಲ. ಒಂದರಂತೆ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗುತ್ತದೆ, ಮತ್ತು ಆ ಪ್ರಶ್ನೆಗೆ ಕಣ್ಣು ಚೆನ್ನಾಗಿ ಉತ್ತರ ಕೊಡುತ್ತದೆ.

ಬೀಟೆಯ ಕುಲವಾದ ಡಾಲ್ಬರ್ಜಿಯದ ಬಹುತೇಕ ಎಲ್ಲ ಜಾತಿಗಳೂ 2017ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಿಗೆ ಒಳಪಟ್ಟಿರುವುದರಿಂದ, ಮರದ ಹೆಸರು ಈಗ ಬರೀ ಕುತೂಹಲದ ವಿಷಯವಾಗಿ ಉಳಿದಿಲ್ಲ. ಕಾನೂನಿಗೆ ಸಂಬಂಧಿಸಿದ ತೀರ್ಮಾನವನ್ನು ಟಾರ್ಚಿನ ಹೊಳಪಿನ ಮೇಲೆ ನಿಲ್ಲಿಸಲಾಗದು. ಅದಕ್ಕೆ ಸೂಕ್ಷ್ಮದರ್ಶಕದ ತೆಳುಕೊಯ್ತ, ರಾಸಾಯನಿಕ ವಿಶ್ಲೇಷಣೆ, ಡಿಎನ್‌ಎ ಪರೀಕ್ಷೆ ಇವುಗಳೇ ಬೇಕು. ಆದರೆ ರಾಶಿಯಲ್ಲಿರುವ ದಿಮ್ಮಿಗಳಲ್ಲಿ ಯಾವುದನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು ಎಂಬುದನ್ನು ಆರಿಸುವ ಹಂತದಲ್ಲಿ ಹೊಳಪಿನ ಪರೀಕ್ಷೆ ನೆರವಾಗುತ್ತದೆ. ಡಾಲ್ಬರ್ಜಿಯ ಮತ್ತು ಟೆರೋಕಾರ್ಪಸ್ ಕುಲಗಳ ಕೆಂಗಂದು ಮರಗಳು ಮೇಲ್ನೋಟಕ್ಕೆ ಒಂದನ್ನೊಂದು ಹೋಲುವುದರಿಂದ, ಅಂತಹ ಕಡೆ ಒಣ ಮುಖ, ನೀರಿನ ಕಷಾಯ, ಎಥನಾಲಿನ ಕಷಾಯ ಮೂರನ್ನೂ ನೋಡಿ ಪ್ರತಿಯೊಂದಕ್ಕೂ ಪ್ರತ್ಯೇಕ ಕಲಂ ಇರುವಂತೆ ಬರೆದಿಡಬೇಕು. ಜೊತೆಗೆ ದೀಪದ ತರಂಗಾಂತರ, ಮುಖವನ್ನು ಯಾವಾಗ ಕೆತ್ತಲಾಯಿತು, ತುಂಡಿನಲ್ಲಿ ಚೇಗು ಇತ್ತೇ ಇಲ್ಲವೇ ಎಂಬುದನ್ನೂ ನಮೂದಿಸಬೇಕು. ಹೊಳಪು ಕಾಣದಿದ್ದಾಗಲೂ ಕಲಮನ್ನು ಖಾಲಿ ಬಿಡಬಾರದು, ಇಲ್ಲ ಎಂದೇ ಬರೆಯಬೇಕು. ಖಾಲಿ ಕಲಂ ನೋಡಿದವರಿಗೆ ಪರೀಕ್ಷೆ ನಡೆಯಿತೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.